ಹಳ್ಳಿಯ ರಸ್ತೆಗಳಿಗೆ ತಕ್ಕ ಕಲ್ಲು, ಗರಸು ಮತ್ತು ಮಣ್ಣು

(ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಗೌಡರ ಹಾಗೂ ಭೂಮಾಲೀಕರ ಗಮನಕ್ಕೆ)

ಬೆಳೆಯು ಹೊಲದಲ್ಲಿ ಹುಲುಸಾಗಿ ಬಂದ ಮಾತ್ರಕ್ಕೆ ಒಕ್ಕಲಿಗನ ಕೈಗೆ ಹಣವು ಬಾರದು. ಅದು ಸಕಾಲದಲ್ಲಿ ಪೇಟೆಯನ್ನು ಮುಟ್ಟಬೇಕು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಪೂರ್ಣಗೊಂಡ ತರುವಾಯ ಈ ಸೀಮೆಯಲ್ಲಿ ಕಾಲುವೆಯ ನೀರೂ ಭತ್ತದ ಬೇಸಾಯವೂ ಹಬ್ಬಿದುವು. ಅದರೊಡನೆ ರಸ್ತೆಗಳ ಮೇಲೆ ಭಾರವೂ, ಅವುಗಳ ಬುಡದಲ್ಲಿ ತೇವವೂ ಹೆಚ್ಚಿದುವು. ಆದುದರಿಂದ ರಸ್ತೆಗೆ ಬಳಸುವ ಸಾಮಗ್ರಿಗಳ ಗುಣದೋಷಗಳನ್ನು ಊರ ಹಿರಿಯರು ಅರಿತಿರುವುದು ಅವಶ್ಯಕವು.

1. ಬುಡದ ಮಣ್ಣು

ರಸ್ತೆಯ ಭಾರವನ್ನೆಲ್ಲ ಕಡೆಗೆ ಹೊರುವುದು ಕೆಳಗಿನ ನೆಲವೇ. ಅದು ಒಣಗಿರುವವರೆಗೆ ಮಾತ್ರ ಹೊರಬಲ್ಲುದು. ಸ್ಕಾಟ್ಲೆಂಡಿನ ಜಾನ್ ಮೆಕಾಡಮ್ (1756–1836) ಎಂಬವನು ಬೋಧಿಸಿದ ಮುಖ್ಯ ತತ್ವವು ಇದೇ. ಶಹಾಪುರ, ಸುರಪುರಗಳ ಎರೆಮಣ್ಣು ಹತ್ತಿಗೂ ಜೋಳಕ್ಕೂ ಉತ್ತಮವಾದುದಾದರೂ ರಸ್ತೆಗೆ ವೈರಿಯು. ಅದು ನೀರು ಕುಡಿದರೆ ಉಬ್ಬುವುದು, ಒಣಗಿದರೆ ಕುಗ್ಗಿ ಬಿರಿಯುವುದು. ಅದರ ಮೇಲೆ ನೇರವಾಗಿ ಜಲ್ಲಿಯನ್ನು ಹರಡಿದರೆ ಮಳೆಗಾಲದಲ್ಲಿ ಕೆಸರು ಮೇಲಕ್ಕೇರಿ, ಜಲ್ಲಿಯು ಕೆಳಕ್ಕಿಳಿಯುವುದು. ಆದಕಾರಣ ಮೊದಲು ಉಸುಕಿನ ಅಥವಾ ಒಳ್ಳೆಯ ಗರಸಿನ ಪದರವನ್ನು ಹಾಸಬೇಕು. ಮಣ್ಣಿಗೆ ಸುಣ್ಣವನ್ನು ಬೆರೆಸುವ ಕ್ರಮವೂ ಉಂಟು. ಒಣಮಣ್ಣಿನ ತೂಕದಲ್ಲಿ 100ಕ್ಕೆ 3ರಿಂದ 5 ಪಾಲು ಸಾಮಾನ್ಯವಾದ ಪ್ರಮಾಣವು. ಸರಿಯಾದ ಪ್ರಮಾಣವನ್ನು ಇಂಜಿನಿಯರರು ಮಣ್ಣನ್ನು ಪರೀಕ್ಷಿಸಿ ಗೊತ್ತುಮಾಡತಕ್ಕದ್ದು.

2. ಗರಸು

ಗರಸಿನಲ್ಲಿ ಹರಳು, ಉಸುಕು, ಜಿಗುಟುಮಣ್ಣು ಈ ಮೂರೂ ಹದವಾಗಿರಬೇಕು. ಜಿಗುಟು ಹೆಚ್ಚಾದರೆ ಮಳೆಯಲ್ಲಿ ಕೆಸರು. ತೀರ ಇಲ್ಲದಿದ್ದರೆ ಬೇಸಗೆಯಲ್ಲಿ ಧೂಳು. ಒಂದು ಹಿಡಿಯಷ್ಟನ್ನು ನೀರಿನಲ್ಲಿ ಕಲಸಿ, ಉಂಡೆ ಕಟ್ಟಿ, ಬಿಸಿಲಿಗಿಟ್ಟು ನೋಡಬಹುದು. ತಾನಾಗಿ ಉದುರಿಹೋದರೆ ಅದರಲ್ಲಿ ಅಂಟು ಸಾಲದು. ಇಟ್ಟಿಗೆಯಂತೆ ಗಟ್ಟಿಯಾಗಿ, ಕಲಸಿದ ಕೈಗೆ ಮೆತ್ತಿಕೊಂಡಿದ್ದರೆ ಅಂಟು ಮಿತಿಮೀರಿದೆ. ಒತ್ತಿದಾಗ ಸ್ವಲ್ಪ ತಡೆದು ಒಡೆಯುವುದೇ ಯೋಗ್ಯವು. ಕೆರೆಯ ಹೂಳು ಹೊಲಕ್ಕೆ ಗೊಬ್ಬರವೇ ಹೊರತು ರಸ್ತೆಗೆ ಗರಸಲ್ಲ.

3. ಜಲ್ಲಿಯ ಕಲ್ಲು

ಒಳ್ಳೆಯ ಕಲ್ಲಿನಲ್ಲಿ ಐದು ಗುಣಗಳನ್ನು ನೋಡತಕ್ಕದ್ದು.

(ಅ) ಕಾಠಿಣ್ಯ: ಗಾಲಿಗಳ ಉಜ್ಜಾಟಕ್ಕೆ ಬೇಗ ಸವೆಯಬಾರದು.

(ಆ) ಪೆಟ್ಟು ತಾಳುವ ಶಕ್ತಿ: ಪ್ರಯೋಗಶಾಲೆಯಲ್ಲಿ ಸುಮಾರು 14 ಕಿಲೋ ತೂಕದ ಸುತ್ತಿಗೆಯನ್ನು 38 ಸೆಂಟಿಮೀಟರ್ ಎತ್ತರದಿಂದ 15 ಸಲ ಜಲ್ಲಿಯ ಮೇಲೆ ಬೀಳಿಸುವರು. ಡಾಂಬರಿನ ಮೇಲ್ಪದರದ ಜಲ್ಲಿಯಲ್ಲಿ 2.36 ಮಿಲಿಮೀಟರ್ ಜರಡಿಯಿಂದ ಇಳಿಯುವ ಪುಡಿಯು 100ಕ್ಕೆ 30 ಪಾಲನ್ನು ಮೀರಬಾರದು.

(ಇ) ಬಾಳಿಕೆ: ಬಿಸಿಲುಮಳೆಗೆ ಶಿಥಿಲವಾಗಬಾರದು. ಹೆಚ್ಚು ನೀರು ಹೀರುವ ಕಲ್ಲು ಬಾಳದು. ಡಾಂಬರು ಕೆಲಸಕ್ಕೆ 100ಕ್ಕೆ 2 ಪಾಲೇ ಮಿತಿ.

(ಈ) ಆಕಾರ: ಮೂಲೆಗಳುಳ್ಳ ಘನಾಕೃತಿಯ ಚೂರುಗಳು ಒಂದಕ್ಕೊಂದು ಹೆಣೆದು ನಿಲ್ಲುವುವು. ಚಪ್ಪಟೆ ಚೂರುಗಳು ಭಾರಕ್ಕೆ ಮುರಿಯುವುವು. ನದಿಯ ದುಂಡುಗಲ್ಲುಗಳು ಹೊರಳುವುವು.

(ಉ) ಶುಚಿತ್ವ: ಧೂಳು, ಮಣ್ಣು ಮೆತ್ತಿದ ಜಲ್ಲಿಗೆ ಡಾಂಬರು ಅಂಟದು.

4. ನಮ್ಮ ಸೀಮೆಯ ಕಲ್ಲುಗಳು

ಯಾದಗಿರಿಯ ಕೋಟೆಬೆಟ್ಟ, ಶಹಾಪುರದ ಮತ್ತು ಸುರಪುರದ ಗುಡ್ಡಗಳು ಬೆಣಚುಕಲ್ಲಿನವು. ಈ ಜಾತಿಯ ಹೊಸ ಕಲ್ಲು ಗಟ್ಟಿಯಾದುದು, ರಸ್ತೆಗೆ ಯೋಗ್ಯವು. ಆದರೆ ಗುಂಡುಗಳ ಮೇಲಿನ ಕೊಳೆತ ಪದರವು ಕೈಯಲ್ಲಿಯೇ ಪುಡಿಯಾಗುವುದು. ಅದನ್ನು ಜಲ್ಲಿಯೆಂದು ಒಪ್ಪಿಕೊಳ್ಳಬಾರದು. ಬೆಣಚುಕಲ್ಲಿಗೆ ಮತ್ತೊಂದು ಕುಂದುಂಟು: ನೀರು ತಗಲಿದರೆ ಡಾಂಬರು ಅದರಿಂದ ಬೇಗ ಕಳಚುವುದು. ಗೋಗಿ ಮೊದಲಾದ ಕಡೆಗಳಲ್ಲಿ ದೊರೆಯುವ ಸುಣ್ಣದ ಕಲ್ಲಿಗೆ ಡಾಂಬರು ಚೆನ್ನಾಗಿ ಹಿಡಿಯುವುದು. ಆದರೆ ಅದು ಮೆತ್ತಗಿದ್ದು, ಸವೆದು ನುಣುಪಾಗಿ ಜಾರುವುದು. ಪರಸಿಯ ಚೂರುಗಳು ಅಗ್ಗವೆಂದು ಮೇಲ್ಪದರಕ್ಕೆ ಹಾಕಿಸುವುದು ಸಲ್ಲದು, ಅವು ಚಪ್ಪಟೆಯಾದವು.

ಕಲ್ಲನ್ನು ಸುತ್ತಿಗೆಯಿಂದ ಹೊಡೆದಾಗ ಗಣಗಣನೆ ದನಿಗೊಟ್ಟರೆ ಅದು ಗಟ್ಟಿಯೆಂದೂ, ಮಂದವಾಗಿ ಸದ್ದಾದರೆ ಒಳಗೆ ಬಿರುಕು ಅಥವಾ ಕೊಳೆತವಿದೆಯೆಂದೂ ಊಹಿಸಬಹುದು. ಇದು ಮೊದಲ ನೋಟವೇ ಹೊರತು ಪ್ರಯೋಗಶಾಲೆಯ ಪರೀಕ್ಷೆಗೆ ಬದಲಲ್ಲ.

5. ಹಿರಿಯರ ಕರ್ತವ್ಯ

ಎಷ್ಟು ಉತ್ತಮವಾದ ಸಾಮಗ್ರಿಯಾದರೂ ನಿಂತ ನೀರನ್ನು ಗೆಲ್ಲಲಾರದು. ರಸ್ತೆಯ ನಡುವು ಎತ್ತರವಾಗಿರಬೇಕು. ಮಣ್ಣಿನ ರಸ್ತೆಗೆ 25 ಅಡಿಗೆ 1 ಅಡಿಯಷ್ಟು ಇಳಿಜಾರು ಬೇಕು. ಭೂಮಾಲೀಕರು ಬದಿಯ ಚರಂಡಿಯನ್ನು ಉತ್ತು ಹೊಲಕ್ಕೆ ಸೇರಿಸಿಕೊಳ್ಳುವುದೂ, ಗದ್ದೆಯ ಹೆಚ್ಚಿನ ನೀರನ್ನು ರಸ್ತೆಗೆ ಬಿಡುವುದೂ ತಮ್ಮ ಬಂಡಿಗೆ ತಾವೇ ಗುಂಡಿ ತೋಡಿದಂತೆ. ಗೌಡರು ಸಾಮಗ್ರಿಯು ರಸ್ತೆಯ ಬದಿಗೆ ಬಂದು ಬಿದ್ದಾಗಲೇ ನೋಡಿ, ಸಂದೇಹವಿದ್ದರೆ ಪರೀಕ್ಷೆಯನ್ನು ಕೇಳತಕ್ಕದ್ದು. ರಸ್ತೆಯೊಳಗೆ ಹೂತುಹೋದ ಮೇಲೆ ಕೆಟ್ಟ ಕಲ್ಲು ಕಣ್ಣಿಗೆ ಕಾಣದು. ಅದರ ಫಲವು ಮಾತ್ರ ಮೊದಲ ಮಳೆಗೇ ಊರೆಲ್ಲಕ್ಕೂ ಕಾಣುವುದು.