ಘಾಟಿ ದಾರಿಗೆ ಯಾವ ಗೇರ್?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕಾರು ಕೊಳ್ಳುವುದು ಬರೀ ಷೋಕಿಯ ಮಾತಲ್ಲ. ಕೊನೆಯ ಬಸ್ಸು ಹೋದ ಮೇಲೆ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಕಾರೇ ಗತಿ. ದೊಡ್ಡ ಆಸ್ಪತ್ರೆ ಎಂದರೆ ಒಂದೋ ಶಿವಮೊಗ್ಗ, ಇಲ್ಲವೇ ಆಗುಂಬೆ ಘಾಟಿ ಇಳಿದು ಮಣಿಪಾಲ. ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ಬಂದ ಮೇಲೆ ಹತ್ತು ಲಕ್ಷ ರೂಪಾಯಿ ಒಟ್ಟು ಮಾಡುವುದೂ ಸುಲಭವಲ್ಲ. ಹಾಗೆ ಒಟ್ಟು ಮಾಡಿದ ದುಡ್ಡಿನಲ್ಲಿ ಕೊಂಡ ಕಾರು ಮನೆಯ ಏರು ಹತ್ತದಿದ್ದರೆ ಏನು ಮಾಡುವುದು?

ನಮ್ಮ ಮನೆಯಲ್ಲಿ ಕಾಂಪ್ಯಾಕ್ಟ್ ಎಸ್‌ಯುವಿ ಕೊಳ್ಳುವ ಮಾತು ಬಂದಾಗ ಒಂದು ವಿಷಯ ಮೊದಲೇ ತೀರ್ಮಾನವಾಗಿತ್ತು. ಅಪ್ಪನಿಗೆ ಮೊಣಕಾಲು ನೋವು, ಕ್ಲಚ್ ತುಳಿಯಲಾರರು. ಅಮ್ಮ ಈಗಷ್ಟೇ ಡ್ರೈವಿಂಗ್ ಕಲಿತವರು, ಏರಿನಲ್ಲಿ ಹಾಫ್ ಕ್ಲಚ್ ಎಂದರೆ ಅವರಿಗೆ ಭಯ. ಹಾಗಾಗಿ ಆಟೊಮ್ಯಾಟಿಕ್ಕೇ ಆಗಬೇಕು. ಆದರೆ ಷೋರೂಮಿನಲ್ಲಿ ‘ಯಾವ ತರಹದ ಆಟೊಮ್ಯಾಟಿಕ್?’ ಎಂದು ಕೇಳಿದರೆ, ‘ಎಲ್ಲಾ ಒಂದೇ ಮೇಡಂ, ಕ್ಲಚ್ ಇರಲ್ಲ ಅಷ್ಟೇ’ ಎಂಬ ಉತ್ತರ ಬಂತು. ಎಲ್ಲಾ ಒಂದೇ ಅಲ್ಲ. ಹೀಗಾಗಿ ನಾನೇ ಕೂತು ಓದಿದೆ, ನೆಂಟರಿಷ್ಟರ ಕಾರು ಓಡಿಸಿ ನೋಡಿದೆ.

ಮೊದಲನೆಯದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಇದು ನಮ್ಮ ದೇಶದ ಸಾಮಾನ್ಯ ಕೊಳ್ಳುಗರ ಕೈಗೆಟುಕಿತು. ಒಳಗಿರುವುದು ಮ್ಯಾನ್ಯುಯಲ್ ಕಾರಿನ ಗೇರ್‌ಬಾಕ್ಸು, ಅದೇ ಕ್ಲಚ್ಚು. ನಮ್ಮ ಕಾಲು, ಕೈ ಮಾಡುವ ಕೆಲಸವನ್ನು ಕಂಪ್ಯೂಟರಿನ ಹತೋಟಿಯಲ್ಲಿರುವ ಯಂತ್ರ ಮಾಡುತ್ತದೆ. ಮ್ಯಾನ್ಯುಯಲ್‌ಗಿಂತ ಸುಮಾರು 50-60 ಸಾವಿರ ಹೆಚ್ಚು ಕೊಟ್ಟರೆ ಸಿಗುತ್ತದೆ, ಮೈಲೇಜೂ ಅಷ್ಟೇ ಬರುತ್ತದೆ. ಆದರೆ ಗೇರ್ ಬದಲಾಗುವಾಗ ಒಂದು ಕ್ಷಣ ಕಾರು ತಡೆದು ನಿಂತಂತಾಗುತ್ತದೆ. ಬಯಲು ದಾರಿಯಲ್ಲಿ ಇದು ಅಭ್ಯಾಸವಾಗುತ್ತದೆ. ಕಡಿದಾದ ಏರಿನ ತಿರುವಿನಲ್ಲಿ ಹಾಗಾದರೆ ಹೊಸಬರ ಎದೆ ಧಸಕ್ಕೆನ್ನುತ್ತದೆ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಒತ್ತಿಯೇ ಕಾರನ್ನು ನಿಲ್ಲಿಸಿಕೊಂಡರೆ ಕ್ಲಚ್ ಸುಡುತ್ತದೆ. ಎಎಂಟಿ ಕೊಳ್ಳುವವರು ಹಿಲ್ ಹೋಲ್ಡ್ ಇದೆಯೇ ಎಂದು ಕೇಳಲೇಬೇಕು.

ಎರಡನೆಯದು ಟಾರ್ಕ್ ಕನ್ವರ್ಟರ್. ಇದು ಹಳೆಯ ಕಾಲದ ಆಟೊಮ್ಯಾಟಿಕ್. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಉಜ್ಜುವ ಕ್ಲಚ್ ಪ್ಲೇಟಿನ ಬದಲು ಎಣ್ಣೆಯೇ ಶಕ್ತಿ ಸಾಗಿಸುತ್ತದೆ. ಆದ್ದರಿಂದ ಏರಿನಲ್ಲಿ ಆಮೆಯಂತೆ ನಿಧಾನವಾಗಿ ಹತ್ತಿದರೂ ಕ್ಲಚ್ ಸುಡುವ ಚಿಂತೆಯಿಲ್ಲ. ಬೆಲೆ ಮ್ಯಾನ್ಯುಯಲ್‌ಗಿಂತ ಒಂದು ಲಕ್ಷಕ್ಕೂ ಹೆಚ್ಚು, ಪೆಟ್ರೋಲು ಸ್ವಲ್ಪ ಜಾಸ್ತಿ ಕುಡಿಯಬಹುದು. ಮಾರುತಿ ಬ್ರೆಜಾದಲ್ಲಿರುವ 6 ಗೇರಿನ ಆಟೊಮ್ಯಾಟಿಕ್ ಈ ಬಗೆಯದು.

ಮೂರನೆಯದು ಸಿವಿಟಿ. ಇದರಲ್ಲಿ ಎಣಿಸಲು ಗೇರುಗಳಿಲ್ಲ. ಎರಡು ರಾಟೆ, ನಡುವೆ ಉಕ್ಕಿನ ಬೆಲ್ಟು. ರಾಟೆಗಳ ಅಗಲ ಬದಲಾದಂತೆ ವೇಗ ಬದಲಾಗುತ್ತದೆ. ಪೇಟೆಯಲ್ಲಿ ಬೆಣ್ಣೆಯಂತೆ ಸಾಗುತ್ತದೆ. ಘಾಟಿಯಲ್ಲಿ ಜೋರಾಗಿ ಒತ್ತಿದರೆ ಎಂಜಿನ್ ಮೊದಲು ಕೂಗುತ್ತದೆ, ಕಾರು ಆಮೇಲೆ ಏರುತ್ತದೆ. ನಿಸಾನ್ ಮ್ಯಾಗ್ನೈಟ್‌ನ ಟರ್ಬೊ ಎಂಜಿನ್ ಜೊತೆ ಇದು ಬರುತ್ತದೆ.

ನಾಲ್ಕನೆಯದು ಡಿಸಿಟಿ. ಇದರಲ್ಲಿ ಎರಡು ಕ್ಲಚ್. ಒಂದು 1, 3, 5ನೇ ಗೇರುಗಳಿಗೆ, ಇನ್ನೊಂದು 2, 4, 6ಕ್ಕೆ. ಮುಂದಿನ ಗೇರು ಸಿದ್ಧವಾಗಿಯೇ ಇರುವುದರಿಂದ ಬದಲಾವಣೆ ಗೊತ್ತೇ ಆಗದಷ್ಟು ಚುರುಕು. ಆದರೆ ಏರಿನಲ್ಲಿ ಸಾಲುಗಟ್ಟಿದ ವಾಹನಗಳ ಹಿಂದೆ ಇಂಚಿಂಚೇ ಸಾಗಿದರೆ ಒಣ ಕ್ಲಚ್ ಬಿಸಿಯಾಗುತ್ತದೆ. ಹ್ಯುಂಡೈ ವೆನ್ಯೂನ 7 ಗೇರಿನ ಡಿಸಿಟಿಯಲ್ಲಿರುವುದು ಒಣ ಕ್ಲಚ್, ಟಾಟಾ ನೆಕ್ಸಾನ್‌ನದು ಎಣ್ಣೆಯಲ್ಲಿ ಮುಳುಗಿರುವ ಕ್ಲಚ್. ಎಣ್ಣೆಯಲ್ಲಿರುವುದು ಬಿಸಿಯನ್ನು ಹೆಚ್ಚು ತಾಳುತ್ತದೆ.

ಇವಲ್ಲದೆ ಐಎಂಟಿ ಎಂಬುದೂ ಒಂದಿದೆ. ಕ್ಲಚ್ ಪೆಡಲ್ ಇರುವುದಿಲ್ಲ, ಗೇರನ್ನು ಮಾತ್ರ ನಾವೇ ಹಾಕಬೇಕು.

ಗಮನಿಸಬೇಕಾದ್ದು ಇನ್ನೊಂದಿದೆ. ಒಂದೇ ಹೆಸರಿನ ಕಾರಿನಲ್ಲೂ ಎಂಜಿನ್ ಬದಲಾದರೆ ಗೇರ್‌ಬಾಕ್ಸ್ ಬದಲಾಗಬಹುದು. ಮಾರುತಿ ಫ್ರಾಂಕ್ಸ್‌ನ 1.2 ಲೀಟರ್ ಎಂಜಿನ್ನಿಗೆ ಎಎಂಟಿ, 1.0 ಲೀಟರ್ ಟರ್ಬೊಗೆ ಟಾರ್ಕ್ ಕನ್ವರ್ಟರ್. ಜಾಹೀರಾತಿನಲ್ಲಿ ಎರಡೂ ‘ಆಟೊಮ್ಯಾಟಿಕ್’ ಆಗಿಬಿಡುತ್ತವೆ. ಬುಕ್ ಮಾಡುವ ಮೊದಲು ವೇರಿಯಂಟ್ ಹೆಸರಿನ ಜೊತೆಗೆ ಗೇರ್‌ಬಾಕ್ಸ್ ಯಾವುದೆಂದು ಬರೆಸಿಕೊಳ್ಳಿ.

ಹತ್ತುವುದಕ್ಕಿಂತ ಇಳಿಯುವುದು ಅಪಾಯದ ಕೆಲಸ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಗೇರ್ ‘ಡಿ’ಯಲ್ಲೇ ಬಿಟ್ಟು ಬರೀ ಬ್ರೇಕಿನ ಮೇಲೆ ಇಳಿದರೆ ಬ್ರೇಕ್ ಪ್ಯಾಡ್ ಕಾದು ಹಿಡಿತ ಕಡಿಮೆಯಾಗುತ್ತದೆ. ಮ್ಯಾನ್ಯುಯಲ್ ಮೋಡ್ ಅಥವಾ ‘ಎಲ್’ ಇದ್ದರೆ ಅದಕ್ಕೆ ಹಾಕಿ, ಕೆಳಗಿನ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದಿಡುವಂತೆ ಇಳಿಯಬೇಕು. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡುವವರಿದ್ದಾರೆ. ಈಗಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನಿಗೆ ಇಂಧನ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಿಂದ ಉಳಿತಾಯವಿಲ್ಲ, ಹಿಡಿತ ತಪ್ಪುವುದೊಂದೇ ಲಾಭ!

ನಮ್ಮೂರಿನವರು ತಿಳಿದಿರಬೇಕಾದ ಸಂಗತಿ ಇನ್ನೂ ಎರಡಿವೆ. ಬ್ಯಾಟರಿ ಸತ್ತರೆ ಮ್ಯಾನ್ಯುಯಲ್ ಕಾರನ್ನು ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಬಹುದು, ಟಾರ್ಕ್ ಕನ್ವರ್ಟರ್, ಸಿವಿಟಿಗಳಲ್ಲಿ ಅದು ಆಗದು. ಕೆಟ್ಟು ನಿಂತರೆ ಇವನ್ನು ಜೀಪಿಗೆ ಹಗ್ಗ ಕಟ್ಟಿ ಎಳೆಸಲೂಬಾರದು, ಗೇರ್‌ಬಾಕ್ಸ್ ಹಾಳಾಗುತ್ತದೆ. ಇನ್ನು, ಕಾಂಪ್ಯಾಕ್ಟ್ ಎಸ್‌ಯುವಿಗಳಲ್ಲಿ ಬಹುಪಾಲಿಗೆ ಶಕ್ತಿ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಮಳೆಗಾಲದಲ್ಲಿ ಪಾಚಿಗಟ್ಟಿದ ಮಣ್ಣಿನ ಏರಿನಲ್ಲಿ ಚಕ್ರವೇ ಜಾರಿದರೆ ಎಂಥ ಗೇರ್‌ಬಾಕ್ಸೂ ಕಾಪಾಡದು. ಅಂಥ ದಾರಿಯವರು 4x4 ಇರುವ ಜಿಮ್ನಿ, ಥಾರ್ ಕಡೆ ನೋಡುವುದೇ ಸರಿ.

ನಮ್ಮ ಮನೆಯ ದಾರಿಗೆ ಕಾಂಕ್ರೀಟ್ ಆಗಿದೆ, ಆದರೆ ಏರು ಕಡಿದು. ಟೆಸ್ಟ್ ಡ್ರೈವ್ ಕಾರನ್ನು ಮನೆವರೆಗೂ ತರಿಸಿದೆವು. ನಾಲ್ಕು ಜನ ಕೂತು, ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿದೆವು. ಸ್ಟೇರಿಂಗ್ ಹಿಡಿದಿದ್ದು ಅಮ್ಮ. ಎಎಂಟಿ ಹತ್ತಿತು, ಆದರೆ ಅಮ್ಮನ ಮುಖ ಬಿಗಿದೇ ಇತ್ತು. ಟಾರ್ಕ್ ಕನ್ವರ್ಟರ್ ಕಾರಿನಲ್ಲಿ ಅವರು ಮಾತಾಡುತ್ತಲೇ ಏರು ದಾಟಿದರು. ಸನ್‌ರೂಫ್ ಇರುವ ವೇರಿಯಂಟ್ ಬಿಟ್ಟು, ಆ ದುಡ್ಡನ್ನು ಗೇರ್‌ಬಾಕ್ಸಿಗೆ ಹಾಕಿದೆವು. ವರ್ಷದಲ್ಲಿ ಐದಾರು ತಿಂಗಳು ಮಳೆ ಸುರಿಯುವ ಊರಿನಲ್ಲಿ ಸನ್‌ರೂಫ್ ತೆರೆಯುವುದಾದರೂ ಯಾವಾಗ?

ನಿಮ್ಮ ದಾರಿ, ನಿಮ್ಮ ಬಜೆಟ್ ಬೇರೆ ಇರಬಹುದು. ನರಸಿಂಹರಾಜಪುರದಿಂದ ಶಿವಮೊಗ್ಗಕ್ಕೆ ಓಡಾಡುವವರಿಗೆ ಎಎಂಟಿಯೇ ಧಾರಾಳ ಸಾಕಾಗಬಹುದು. ಆದರೆ ಷೋರೂಮಿನ ಮುಂದಿನ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಮಾತ್ರ ತೀರ್ಮಾನಿಸಬೇಡಿ. ಮನೆಯಲ್ಲಿ ಹೆಚ್ಚು ಅಳುಕುವವರ ಕೈಗೆ ಸ್ಟೇರಿಂಗ್ ಕೊಟ್ಟು, ನಿಮ್ಮದೇ ಏರಿನಲ್ಲಿ ಒಮ್ಮೆ ಹತ್ತಿಸಿ, ಒಮ್ಮೆ ಇಳಿಸಿ ನೋಡಿ. ಮುಂಗಡ ಕೊಡುವುದು ಆಮೇಲೆ.