ಹಾರುತ್ತಾ, ಇಲ್ಲ ತೇಲುತ್ತಾ?

‘ಇದು ಹಾರುತ್ತೇನಪ್ಪಾ, ಇಲ್ಲ ಬರೀ ತೇಲುತ್ತಾ?’

ಮಿನಿ ಪ್ರಾಜೆಕ್ಟ್ ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳಿದ್ದು ಇದೊಂದೇ ಪ್ರಶ್ನೆ. ನಾವು ನಾಲ್ವರು ಎರಡು ತಿಂಗಳು ನಿದ್ದೆಗೆಟ್ಟು ಕಟ್ಟಿದ್ದು ರೆಕ್ಕೆ ಬಡಿಯುವ ಪುಟ್ಟ ಯಂತ್ರ. ಕಾರ್ಬನ್ ಕಡ್ಡಿ, ಗಾಳಿಪಟದ ಬಟ್ಟೆ, ಆಟಿಕೆ ಹೆಲಿಕಾಪ್ಟರ್‌ನಿಂದ ಕಿತ್ತ ಮೋಟರ್. ಹಾಸ್ಟೆಲ್ ಟೆರೇಸ್‌ನಿಂದ ಎಸೆದರೆ ಪಟಪಟ ಬಡಿಯುತ್ತಾ ವಾಲಿಬಾಲ್ ಕೋರ್ಟ್ ದಾಟುತ್ತಿತ್ತು. ನೆಲದ ಮೇಲಿಟ್ಟು ಸ್ವಿಚ್ ಒತ್ತಿದರೆ ಕಾಲು ಕಟ್ಟಿದ ಕೋಳಿಯಂತೆ ಒದ್ದಾಡಿ ಮಗುಚಿಕೊಳ್ಳುತ್ತಿತ್ತು. ‘ಮೇಲಿಂದ ಎಸೆದರೆ ಪೇಪರ್ ರಾಕೆಟ್ಟೂ ಹೋಗುತ್ತೆ’ ಎಂದು ಅವರು ನಕ್ಕರು. 50ಕ್ಕೆ 31 ಬಂತು.

ಮಾರ್ಕ್ಸ್ ಮರೆತೆ, ಪ್ರಶ್ನೆ ಮರೆಯಲಿಲ್ಲ. ಹುಡುಕುತ್ತಾ ಹೋದಾಗ ಗೊತ್ತಾಯಿತು, ಇದೇ ಪ್ರಶ್ನೆಯನ್ನು ವಿಜ್ಞಾನಿಗಳು ಇನ್ನೂರು ವರ್ಷಗಳಿಂದ ಒಂದು ಪ್ರಾಣಿಗೆ ಕೇಳುತ್ತಲೇ ಇದ್ದಾರೆ. ಅದು ಟೆರೋಸಾರ್. ಸಿನಿಮಾದಲ್ಲಿ ಡೈನೊಸಾರ್‌ಗಳ ತಲೆಯ ಮೇಲೆ ಕಿರುಚುತ್ತಾ ಸುತ್ತುತ್ತದಲ್ಲ, ಅದೇ. ಅಂದಹಾಗೆ ಅದು ಡೈನೊಸಾರ್ ಅಲ್ಲ, ಹಕ್ಕಿಯೂ ಅಲ್ಲ. ಡೈನೊಸಾರ್‌ಗಳ ದಾಯಾದಿ ಎನ್ನಬಹುದಾದ ಸರೀಸೃಪ. ಸುಮಾರು 22 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡು, 6.6 ಕೋಟಿ ವರ್ಷಗಳ ಹಿಂದೆ ಡೈನೊಸಾರ್‌ಗಳ ಜೊತೆಗೇ ಅಳಿದುಹೋಯಿತು.

ಇದರ ಮೊದಲ ಪಳೆಯುಳಿಕೆಯನ್ನು ವಿವರಿಸಿದವನು ಕೊಸಿಮೊ ಕೊಲಿನಿ, 1784ರಲ್ಲಿ. ಜರ್ಮನಿಯ ಬವೇರಿಯಾದ ಸುಣ್ಣಕಲ್ಲಿನಲ್ಲಿ ಸಿಕ್ಕ ಆ ಎಲುಬುಗಳನ್ನು ನೋಡಿ ಇದು ಸಮುದ್ರದ ಜೀವಿ ಇರಬಹುದು ಎಂದುಕೊಂಡ. 1801ರಲ್ಲಿ ಫ್ರಾನ್ಸಿನ ಜಾರ್ಜ್ ಕುವಿಯೆ ಇದು ಹಾರುವ ಸರೀಸೃಪ ಎಂದ. ಅದರ ಕೈಯ ನಾಲ್ಕನೇ ಬೆರಳು ಮಿಕ್ಕ ಬೆರಳುಗಳನ್ನು ನಾಚಿಸುವಷ್ಟು ಉದ್ದ. ಆ ಒಂದೇ ಬೆರಳಿನಿಂದ ಮೈಯವರೆಗೆ ಚರ್ಮದ ಪೊರೆ ಹಬ್ಬಿ ರೆಕ್ಕೆಯಾಗಿತ್ತು. ಕುವಿಯೆ ಇಟ್ಟ ಹೆಸರಿನ ಅರ್ಥವೇ ‘ರೆಕ್ಕೆಬೆರಳು’. ಆಮೇಲೂ, 1830ರಲ್ಲಿ ವಾಗ್ಲರ್ ಎಂಬ ಜರ್ಮನ್ ವಿಜ್ಞಾನಿ ಅದನ್ನು ಈಜಲು ಬಳಸುವ ಹುಟ್ಟು ಎಂದೇ ವಾದಿಸಿದ್ದ.

ರೆಕ್ಕೆ ಇದೆ ಎಂದ ಮಾತ್ರಕ್ಕೆ ಹಾರಿತು ಎನ್ನಲಾಗದು. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಹಾರುವ ಓತಿ ನೆನಪಿರುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಈಗಲೂ ಇರುವ ಆ ಓತಿ ಪಕ್ಕೆಲುಬುಗಳನ್ನು ಕೊಡೆಯಂತೆ ಬಿಚ್ಚಿ, ಅದರ ಮೇಲಿನ ಚರ್ಮದ ಆಸರೆಯಲ್ಲಿ ಮರದಿಂದ ಮರಕ್ಕೆ ತೇಲುತ್ತದೆ. ಬಡಿಯುವುದಿಲ್ಲ. ನೆಲದಿಂದ ಮೇಲೇಳುವುದಿಲ್ಲ. ಎಕ್ಸ್‌ಟರ್ನಲ್ ಭಾಷೆಯಲ್ಲಿ ಹೇಳುವುದಾದರೆ ಪೇಪರ್ ರಾಕೆಟ್. ಟೆರೋಸಾರ್ ಕೂಡ ದೊಡ್ಡ ಓತಿಯಷ್ಟೇ ಆಗಿತ್ತೇ?

ಎಲುಬುಗಳು ಹಾಗೆ ಹೇಳುವುದಿಲ್ಲ. ತೇಲುವ ಪ್ರಾಣಿಗೆ ರೆಕ್ಕೆ ಚಾಚಿ ಹಿಡಿದರೆ ಸಾಕು, ಬಡಿಯುವ ಪ್ರಾಣಿಗೆ ಸ್ನಾಯು ಬೇಕು. ಸ್ನಾಯು ಅಂಟಿಕೊಳ್ಳಲು ಜಾಗ ಬೇಕು. ಟೆರೋಸಾರ್‌ಗೆ ಅಗಲವಾದ ಎದೆಮೂಳೆ ಇತ್ತು. ತೋಳಿನ ಮೇಲ್ಭಾಗದ ಮೂಳೆಯಲ್ಲಿ ಸ್ನಾಯು ಕಚ್ಚಿ ಹಿಡಿಯಲು ದೊಡ್ಡ ಏಣು ಇತ್ತು. ದೊಡ್ಡ ಜಾತಿಗಳಲ್ಲಿ ಭುಜದ ಹತ್ತಿರದ ಬೆನ್ನುಮೂಳೆಗಳೇ ಬೆಸೆದುಕೊಂಡು ಗಟ್ಟಿ ಚೌಕಟ್ಟಾಗಿದ್ದವು. ಮೋಟರ್ ಅದುರದಂತೆ ನಾವು ಬೇಸ್ ಪ್ಲೇಟ್ ಹಾಕುವುದಿಲ್ಲವೇ, ಹಾಗೆ. ಮೂಳೆಗಳ ಒಳಗೆ ಗಾಳಿ, ಗೋಡೆ ತೆಳು. ರೆಕ್ಕೆಯ ಪೊರೆಯೊಳಗೆ ಒತ್ತೊತ್ತಾಗಿ ಜೋಡಿಸಿದ ಎಳೆಗಳಿದ್ದವು. 2003ರಲ್ಲಿ ಲಾರೆನ್ಸ್ ವಿಟ್ಮರ್ ಮತ್ತು ಸಂಗಡಿಗರು ಟೆರೋಸಾರ್ ತಲೆಬುರುಡೆಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿದಾಗ, ಸಮತೋಲನ ನೋಡಿಕೊಳ್ಳುವ ಮೆದುಳಿನ ಒಂದು ಭಾಗ ಇಡೀ ಮೆದುಳಿನ ತೂಕದ ಶೇ 7.5ರಷ್ಟಿದ್ದದ್ದು ಕಂಡಿತು. ಹಕ್ಕಿಗಳಲ್ಲಿ ಅದು ಶೇ 1ರಿಂದ 2 ಮಾತ್ರ. ಸುಮ್ಮನೆ ತೇಲುವುದಕ್ಕೆ ಇಷ್ಟೆಲ್ಲ ಸರಂಜಾಮು ಯಾಕೆ ಬೇಕು?

ಹಾಗಾಗಿ ಚಿಕ್ಕ ಟೆರೋಸಾರ್‌ಗಳ ಬಗ್ಗೆ ಜಗಳ ಹೆಚ್ಚಿಲ್ಲ. ತಕರಾರು ಶುರುವಾಗಿದ್ದು ದೊಡ್ಡವುಗಳಿಂದ. 1971ರಲ್ಲಿ ಟೆಕ್ಸಾಸ್‌ನ ಬಿಗ್ ಬೆಂಡ್‌ನಲ್ಲಿ ಡಗ್ಲಾಸ್ ಲಾಸನ್ ಎಂಬಾತನಿಗೆ ಭಾರೀ ರೆಕ್ಕೆಯ ಎಲುಬು ಸಿಕ್ಕಿತು. ಆಗ ಆತ ಇನ್ನೂ ವಿದ್ಯಾರ್ಥಿ, ಇದನ್ನು ಓದಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಆ ಪ್ರಾಣಿಯೇ ಕ್ವೆಟ್ಜಾಲ್‌ಕೋಟ್ಲಸ್. ನಿಂತರೆ ಜಿರಾಫೆಯ ಎತ್ತರ, ರೆಕ್ಕೆ ಬಿಚ್ಚಿದರೆ 10 ಮೀಟರ್ ಆಸುಪಾಸು. ನಾಲ್ಕು ಸೀಟಿನ ಸೆಸ್ನಾ 172 ವಿಮಾನದ ರೆಕ್ಕೆ 11 ಮೀಟರ್! ತೂಕ 200ರಿಂದ 250 ಕೆ.ಜಿ. ಎಂದು ಈಗ ಹಲವರು ಅಂದಾಜಿಸುತ್ತಾರೆ. ನಮ್ಮ ಸಿರುಗುಪ್ಪದ ಕಡೆಯ ಎರೆಭೂತ ಹಕ್ಕಿ ಇವತ್ತು ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರುತ್ತದೆ. ಅದರ ತೂಕವೇ ಹೆಚ್ಚೆಂದರೆ 15 ಕೆ.ಜಿ. ಸುಮಾರು. ಅದು ಏಳುವುದನ್ನು ನೋಡಿದ್ದ ನಮ್ಮ ತಾತ, ‘ಅದು ಮ್ಯಾಲೇಳೂದ ನೋಡಿದ್ರ ನಮಗ ಉಸುರು ಕಟ್ತಿತ್ತಪ್ಪ’ ಎನ್ನುತ್ತಿದ್ದರು.

ಇದರ ಹಿಂದಿರುವ ಲೆಕ್ಕ ಪಿಯುಸಿಯದ್ದೇ. ಒಂದು ಆಕಾರವನ್ನು ಎಲ್ಲ ಕಡೆಯಿಂದ ಎರಡು ಪಟ್ಟು ದೊಡ್ಡದು ಮಾಡಿದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟಾಗುತ್ತದೆ. ದೊಡ್ಡದಾದಷ್ಟೂ ಪ್ರತಿ ಚದರ ಅಡಿ ರೆಕ್ಕೆ ಹೊರುವ ಭಾರ ಏರುತ್ತದೆ. 2009ರಲ್ಲಿ ಜಪಾನಿನ ಕತ್ಸುಫುಮಿ ಸಾಟೊ ತಂಡ ಕಡಲಹಕ್ಕಿಗಳ ಮೈಗೆ ಪುಟ್ಟ ಸಾಧನ ಕಟ್ಟಿ ರೆಕ್ಕೆಬಡಿತ ಅಳೆದು, 41 ಕೆ.ಜಿ. ಮೀರಿದ ಪ್ರಾಣಿ ಬಡಿದು ಬಡಿದು ಹಾರಾಟ ಉಳಿಸಿಕೊಳ್ಳಲಾರದು ಎಂದಿತು. ಮರುವರ್ಷ ಡೊನಾಲ್ಡ್ ಹೆಂಡರ್ಸನ್ ಕ್ವೆಟ್ಜಾಲ್‌ಕೋಟ್ಲಸ್ ತೂಕ 540 ಕೆ.ಜಿ. ದಾಟುತ್ತದೆ, ಅದು ಹಾರುತ್ತಲೇ ಇರಲಿಲ್ಲ ಎಂದರು. ಹಾಗಾದರೆ ಆ ದೈತ್ಯ ನೆಲದಿಂದ ಏಳುತ್ತಿದ್ದದ್ದು ಹೇಗೆ? ಬೆಟ್ಟದ ತುದಿಯಿಂದ ಗಾಳಿಗೆ ಮೈಯೊಡ್ಡಿ ಎನ್ನೋಣವೆಂದರೆ, ಅದು ಸಿಕ್ಕಿದ್ದು ಆಗಿನ ಕಡಲತೀರದಿಂದ ನೂರಾರು ಕಿಲೋಮೀಟರ್ ಒಳಗಿನ ಬಯಲಿನಲ್ಲಿ. ಅಲ್ಲಿ ನಮ್ಮ ಹಾಸ್ಟೆಲ್ ಟೆರೇಸ್ ಇರಲಿಲ್ಲ.

ನನಗೆ ತುಂಬ ಹಿಡಿಸಿದ್ದು ಮೈಕೆಲ್ ಹಬೀಬ್ ಕೊಟ್ಟ ಉತ್ತರ. ಹಕ್ಕಿ ಹಾರುವ ಮೊದಲು ಕಾಲಿನಿಂದ ಜಿಗಿಯುತ್ತದೆ, ಏಳುವ ಬಲದ ಬಹುಪಾಲು ಕಾಲಿನದ್ದೇ. ಹಕ್ಕಿ ದೊಡ್ಡದಾದರೆ ಕಾಲೂ ದಪ್ಪ ಆಗಬೇಕು, ಮೇಲೆ ಹೋದ ಮೇಲೆ ಅದೇ ಕಾಲು ದಂಡದ ಭಾರ. ಟೆರೋಸಾರ್‌ಗಳನ್ನೂ ಎಲ್ಲರೂ ಇದೇ ಅಳತೆಗೋಲಿನಲ್ಲಿ ಅಳೆಯುತ್ತಿದ್ದರು. ಆದರೆ ಹೆಜ್ಜೆಗುರುತುಗಳು ತೋರಿಸುವಂತೆ ಟೆರೋಸಾರ್ ನೆಲದ ಮೇಲೆ ನಡೆಯುತ್ತಿದ್ದದ್ದು ನಾಲ್ಕು ಕಾಲಿನಲ್ಲಿ, ಮಡಚಿದ ರೆಕ್ಕೆಯನ್ನೇ ಮುಂಗಾಲು ಮಾಡಿಕೊಂಡು. ಹಬೀಬ್ ಮೂಳೆಗಳ ಬಲ ಲೆಕ್ಕ ಹಾಕಿದರು. ದೊಡ್ಡ ಟೆರೋಸಾರ್‌ಗಳ ತೋಳಿನ ಮೂಳೆ ತೊಡೆಮೂಳೆಗಿಂತ ಎಷ್ಟೋ ಪಟ್ಟು ಗಟ್ಟಿ. ಅಂದರೆ ಜಿಗಿತದ ಕೆಲಸ ಕೈಯದ್ದು. ರಕ್ತ ಹೀರುವ ಬಾವಲಿ ಇವತ್ತಿಗೂ ನೆಲದಿಂದ ಹೀಗೇ ಮುಂಗೈ ಒತ್ತಿ ಚಿಮ್ಮುತ್ತದೆ. ಹಾರಲು ಬೇಕಾದ ಸ್ನಾಯುವೇ ಏಳಲೂ ಆಗುವಾಗ ಬೇರೆ ಭಾರ ಯಾಕೆ?

2008ರಲ್ಲಿ ಹಬೀಬ್ ಇದನ್ನು ಪ್ರಕಟಿಸಿದಾಗ ಎಲ್ಲರೂ ಒಪ್ಪಿದರು ಎಂದೇನಿಲ್ಲ. 2021ರಲ್ಲಿ ಕ್ವೆಟ್ಜಾಲ್‌ಕೋಟ್ಲಸ್ ಬಗ್ಗೆ ಬಂದ ದೊಡ್ಡ ಅಧ್ಯಯನದಲ್ಲಿ ಕೆವಿನ್ ಪಡಿಯನ್ ಮತ್ತು ಸಂಗಡಿಗರು, ಅದು ಹಿಂಗಾಲಿನ ಮೇಲೆಯೇ ಎತ್ತರಕ್ಕೆ ಜಿಗಿದು ರೆಕ್ಕೆ ಬಡಿಯುತ್ತಿತ್ತು ಎಂದರು. ನೋಡಿ, ಜಗಳ ಎಲ್ಲಿಂದ ಎಲ್ಲಿಗೆ ಬಂತು! ಇಬ್ಬರೂ ಹಾರಿತು ಎನ್ನುವವರೇ, ಏಳುವ ರೀತಿಯಲ್ಲಷ್ಟೇ ಭಿನ್ನಾಭಿಪ್ರಾಯ. ನನ್ನ ಓಟು ಹಬೀಬ್‌ಗೆ. ಮೆಕ್ಯಾನಿಕಲ್ ಓದುವವನಿಗೆ ಒಂದೇ ಮೋಟರ್‌ನಲ್ಲಿ ಎರಡು ಕೆಲಸ ತೆಗೆಯುವವರ ಮೇಲೆ ಸ್ವಲ್ಪ ಪಕ್ಷಪಾತ ಇದ್ದದ್ದೇ.

ಇದನ್ನೆಲ್ಲ ಕಟ್ಟಿಯೇ ನೋಡಿದ ಒಬ್ಬ ಎಂಜಿನಿಯರ್ ಕಥೆಯೂ ಇದೆ. ಪೆಡಲ್ ತುಳಿದು ಹಾರುವ ವಿಮಾನ ಮಾಡಿ 1979ರಲ್ಲಿ ಇಂಗ್ಲಿಷ್ ಕಾಲುವೆ ದಾಟಿಸಿದ ಪಾಲ್ ಮೆಕ್‌ಕ್ರೆಡಿ, 1980ರ ದಶಕದಲ್ಲಿ ಕ್ವೆಟ್ಜಾಲ್‌ಕೋಟ್ಲಸ್‌ನ ಅರ್ಧ ಅಳತೆಯ, ರೆಕ್ಕೆ ಬಡಿಯುವ ಮಾದರಿ ಮಾಡಿದರು. ರೆಕ್ಕೆಯ ಅಗಲ ಐದೂವರೆ ಮೀಟರ್. ಬಾಲವಿಲ್ಲದ ಮೈ ಗಾಳಿಯಲ್ಲಿ ಓಲಾಡದಂತೆ ಸೆನ್ಸರ್‌ಗಳು, ಕಂಪ್ಯೂಟರ್ ಬೇಕಾದವು. ಸಮತೋಲನದ ಮೆದುಳು ಅಷ್ಟು ದೊಡ್ಡದಿದ್ದದ್ದು ಯಾಕೆ ಎಂಬುದು ನನಗೆ ಅರ್ಥವಾಗಿದ್ದು ಇಲ್ಲಿ. ಮರುಭೂಮಿಯಲ್ಲಿ ಅದು ಚೆನ್ನಾಗಿಯೇ ಹಾರಿತು. 1986ರ ಮೇನಲ್ಲಿ, ವಾಷಿಂಗ್ಟನ್ ಬಳಿಯ ವಾಯುನೆಲೆಯಲ್ಲಿ ಸಾವಿರಾರು ಜನರ ಮುಂದೆ ಬಿದ್ದು ಕತ್ತು ಮುರಿದುಕೊಂಡಿತು. ಇದನ್ನು ಓದಿದ ದಿನ ನನ್ನ 31 ಅಂಕ ಅಷ್ಟೇನೂ ಚುಚ್ಚಲಿಲ್ಲ.

ರೂಂಮೇಟ್ ಕೇಳುತ್ತಾನೆ, ‘ಲೇ, ಇದರಿಂದ ಪ್ಲೇಸ್‌ಮೆಂಟ್‌ಗೆ ಏನೋ ಲಾಭ?’ ಅವನು ಆ್ಯಪ್ಟಿಟ್ಯೂಡ್ ಪುಸ್ತಕದಲ್ಲಿ ಮುಳುಗಿದ್ದಾನೆ, ನಾನೂ ಮುಳುಗಬೇಕು. ಆದರೆ ಕಳೆದ ವಾರ ನಮ್ಮ ಯಂತ್ರದ ರೆಕ್ಕೆಯ ನಡುವಿಗೆ, ನೆಲವನ್ನು ಒತ್ತುವಂತೆ, ಸ್ಟೀಲ್ ತಂತಿಯ ಎರಡು ಸ್ಪ್ರಿಂಗ್ ಕಾಲು ಕೂರಿಸಿದೆವು. ರೆಕ್ಕೆ ಕೆಳಗೆ ಬಡಿದಾಗ ಆ ಕಾಲು ನೆಲ ಒದೆಯಬೇಕು. ಮೊದಲ ಸಲ ಮಗುಚಿತು. ಎರಡನೇ ಸಲ ಮೊಣಕಾಲೆತ್ತರಕ್ಕೆ ಚಿಮ್ಮಿ ನಾಲ್ಕೈದು ಬಡಿತ ಬಡಿದು ಬಿತ್ತು. ಮೂರನೇ ಸಲಕ್ಕೆ ಗೇರಿನ ಹಲ್ಲು ಮುರಿಯಿತು. ಶನಿವಾರ ಬೆಂಗಳೂರಿಗೆ ಹೋಗುವ ಗೆಳೆಯನ ಕೈಗೆ ದುಡ್ಡು ಕೊಟ್ಟಿದ್ದೇನೆ, ಎಸ್‌.ಪಿ. ರೋಡ್‌ನಲ್ಲಿ ಹಿತ್ತಾಳೆಯ ಗೇರ್ ಸಿಕ್ಕರೆ ತರಲು.