ಎತ್ತರಿಸಿದ ಜೀಪಿನ ತೊಂದರೆಗಳು: ಕಾರಣ ಮತ್ತು ಪರಿಹಾರ

ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ ಹಳೆಯ ಜೀಪು ಇಂದಿಗೂ ದುಡಿಯುತ್ತಿದೆ. ಗೊಬ್ಬರದ ಮೂಟೆ, ಅಡಿಕೆ ಗೊನೆ, ಕೊಯ್ಲಿನ ಕಾಫಿ ಹಣ್ಣು, ಕೆಲಸದವರು, ಶಾಲೆಯ ಮಕ್ಕಳು ಎಲ್ಲರಿಗೂ ಅದೇ ಆಧಾರ. ಮಹೀಂದ್ರಾದ ಸಿ.ಜೆ. ೩ಬಿ, ಎಂ.ಎಂ. ೫೪೦ ಮೊದಲಾದ ಜೀಪುಗಳಿಗೆ ಮುಂದೆಯೂ ಹಿಂದೆಯೂ ಪ್ಲೇಟ್ ಸ್ಪ್ರಿಂಗ್ ಇರುತ್ತದೆ. ಆದ್ದರಿಂದ ಊರಿನ ಗ್ಯಾರೇಜಿನಲ್ಲೇ ಬ್ಲೇಡು ಸೇರಿಸಿ, ಇಲ್ಲವೆ ಶಕಲ್ ಉದ್ದ ಮಾಡಿಸಿ ಗಾಡಿಯನ್ನು ಎತ್ತರಿಸುವ ರೂಢಿ ಬಂದಿದೆ. ಆದರೆ ಎತ್ತರಿಸಿದ ಕೆಲವು ದಿನಗಳಲ್ಲೇ "ಸ್ಟಿಯರಿಂಗ್ ಎಳೆಯುತ್ತದೆ, ಅಡಿಯಲ್ಲಿ ನಡುಗುತ್ತದೆ, ಗಾಡಿ ವಾಲಿದೆ" ಎಂಬ ದೂರುಗಳು ಆರಂಭವಾಗುತ್ತವೆ. ಇವುಗಳ ಮೂಲವನ್ನು ನಾವೇ ಕಂಡುಹಿಡಿಯುವುದು ಹೇಗೆಂದು ಇಲ್ಲಿ ವಿವರಿಸಲಾಗಿದೆ.

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ಬಿಡಬೇಕು. ಸ್ಪ್ರಿಂಗ್ ಎತ್ತರಿಸಿದರೆ ಮೇಲೇರುವುದು ಚಾಸಿ ಮತ್ತು ಬಾಡಿ ಮಾತ್ರ. ಆಕ್ಸಲ್ ಇದ್ದಲ್ಲೇ ಇರುತ್ತದೆ. ದಾರಿಯ ನಡುವಿನ ಕಲ್ಲು ಡಿಫರೆನ್ಷಿಯಲ್‌ಗೆ ತಾಗುತ್ತಿದ್ದರೆ ಬ್ಲೇಡು ಸೇರಿಸುವುದರಿಂದ ಅದು ತಪ್ಪದು; ಅಲ್ಲಿನ ಎತ್ತರ ಹೆಚ್ಚುವುದು ಟೈರು ದೊಡ್ಡದಾದಾಗ ಮಾತ್ರ. ಎಷ್ಟೋ ಸಲ ಗಾಡಿ ಎತ್ತರಿಸುವುದಕ್ಕಿಂತ ದಾರಿಗೆ ನಾಲ್ಕು ಬುಟ್ಟಿ ಜಲ್ಲಿ ಹಾಕಿಸುವುದೇ ಲಾಭ.

ಮೊಟ್ಟಮೊದಲು ಬ್ರೇಕ್ ಪೈಪು

ಬೇರೆ ಯಾವ ದೂರನ್ನು ನೋಡುವ ಮೊದಲೂ ಇದನ್ನು ನೋಡಬೇಕು. ಚಾಸಿಯಿಂದ ಆಕ್ಸಲಿಗೆ ಬರುವ ರಬ್ಬರ್ ಬ್ರೇಕ್ ಪೈಪಿನ ಉದ್ದ ಮೂಲ ಎತ್ತರಕ್ಕೆ ತಕ್ಕಂತೆ ಇರುತ್ತದೆ. ಗಾಡಿ ಎತ್ತರವಾದ ಮೇಲೆ ಚಕ್ರ ಚರಂಡಿಗೆ ಇಳಿದಾಗ ಪೈಪು ತಂತಿಯಂತೆ ಬಿಗಿಯುತ್ತದೆ. ನಮ್ಮ ಮನೆಯ ಜೀಪಿಗೆ ಬ್ಲೇಡು ಸೇರಿಸಿದ ವರ್ಷ ಹಣ್ಣಿನ ಮೂಟೆ ತುಂಬಿ ಇಳಿಜಾರಿನ ತಲೆಯಲ್ಲಿ ನಿಂತಾಗ ಪೆಡಲ್ ಮೆತ್ತಗಾಯಿತು. ಇಳಿದು ನೋಡಿದರೆ ಹಿಂದಿನ ಪೈಪು ಬುಡದಲ್ಲಿ ಸೀಳಿ ಎಣ್ಣೆ ಜಿನುಗುತ್ತಿತ್ತು. ಒಂದೇ ಸರ್ಕ್ಯೂಟಿನ ಬ್ರೇಕ್ ಇರುವ ಹಳೆಯ ಜೀಪಿನಲ್ಲಿ ಒಂದು ಪೈಪು ಒಡೆದರೆ ನಾಲ್ಕೂ ಚಕ್ರಗಳ ಬ್ರೇಕ್ ಹೋಗುತ್ತದೆ. ಇನ್ನು ಹತ್ತು ಮಾರು ಮುಂದೆ ಹೋಗಿದ್ದರೆ ಈ ಲೇಖನ ಬರೆಯಲು ನಾನು ಇರುತ್ತಿರಲಿಲ್ಲ.

ಪರೀಕ್ಷೆ ಸುಲಭ. ಸಮನೆಲದಲ್ಲಿ ಇತರ ಚಕ್ರಗಳಿಗೆ ಕಲ್ಲು ಕೊಟ್ಟು, ಆಕ್ಸಲಿಗಲ್ಲದೆ ಚಾಸಿಗೆ ಜಾಕ್ ಕೊಟ್ಟು ಎತ್ತಿ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿರಿ. ಚಕ್ರ ಪೂರ್ತಿ ಜೋತುಬಿದ್ದಾಗಲೂ, ಸ್ಟಿಯರಿಂಗನ್ನು ಎರಡೂ ಕಡೆಗೆ ಕೊನೆಯತನಕ ತಿರುಗಿಸಿದಾಗಲೂ ಪೈಪು ಸಡಿಲವಾಗಿಯೇ ಇರಬೇಕು, ಎಲ್ಲಿಯೂ ಉಜ್ಜಬಾರದು. ಇಲ್ಲವಾದರೆ ಉದ್ದದ ಪೈಪು ಹಾಕಿಸದೆ ಗಾಡಿಯನ್ನು ಹೊರಡಿಸಬೇಡಿ. ಆಗಲೇ ಶಾಕ್ ಅಬ್ಸಾರ್ಬರನ್ನೂ ನೋಡಿರಿ. ಸ್ಪ್ರಿಂಗ್ ಪೂರ್ತಿ ಇಳಿಯುವ ಮೊದಲೇ ಅದು ಎಳೆದು ನಿಂತರೆ ಅದರ ಉದ್ದ ಸಾಲದು. ಗುಂಡಿಯಲ್ಲಿ "ಠಕ್" ಎಂದು ಹೊಡೆಯುವುದು ಇದೇ.

ಗಾಡಿ ಒಂದು ಕಡೆಗೆ ವಾಲಿದ್ದರೆ

ಸಮನೆಲದಲ್ಲಿ ನಿಲ್ಲಿಸಿ, ಚಕ್ರದ ಗುಂಬದ ಮಧ್ಯದಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎರಡೂ ಕಡೆ ಅಳೆಯಿರಿ. ವ್ಯತ್ಯಾಸವಿದ್ದರೆ ಎರಡೂ ಸೆಟ್ಟುಗಳ ಬ್ಲೇಡುಗಳ ಸಂಖ್ಯೆ, ದಪ್ಪ, ಬಾಗು ಒಂದೇ ಆಗಿವೆಯೇ ನೋಡಬೇಕು. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿನಲ್ಲಿ ಸರಿಯಾಗಿ ಕೂರದಿದ್ದರೂ ವಾಲುತ್ತದೆ. ಆಗ ಆಕ್ಸಲ್ ಓರೆಯಾಗಿ, ಗಾಡಿ ಏಡಿಯಂತೆ ನಡೆಯುತ್ತದೆ. ರಬ್ಬರ್ ಬುಶ್ ಇರುವ ಜೀಪಿನಲ್ಲಿ ಶಕಲ್ ಬೋಲ್ಟುಗಳನ್ನು ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಕೊನೆಯದಾಗಿ ಬಿಗಿಯಬೇಕು. ಜಾಕಿನ ಮೇಲೆ ಇದ್ದಾಗಲೇ ಬಿಗಿದರೆ ಬುಶ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಸ್ಟಿಯರಿಂಗ್ ನೇರ ನಿಲ್ಲದಿದ್ದರೆ

ಮುಂದಿನ ಚಕ್ರ ತಿರುಗುವ ಕಿಂಗ್‌ಪಿನ್ನಿನ ತಲೆ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಇದನ್ನು ಕ್ಯಾಸ್ಟರ್ ಎನ್ನುತ್ತಾರೆ. ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದು ಇದರಿಂದ. ಮುಂದಿನ ಸ್ಪ್ರಿಂಗಿನ ಮುಂತುದಿಯಲ್ಲಿ ಶಕಲ್ ಇರುವ ಜೀಪಿಗೆ ಉದ್ದ ಶಕಲ್ ಹಾಕಿದರೆ ಆಕ್ಸಲ್ ಮುಂದಕ್ಕೆ ಮಗುಚಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಗಾಡಿ ಡಾಂಬರು ರಸ್ತೆಯಲ್ಲಿ ಅತ್ತಿತ್ತ ಅಲೆಯುತ್ತದೆ. ಸ್ಪ್ರಿಂಗ್ ಮತ್ತು ಆಕ್ಸಲಿನ ನಡುವೆ ಆಪಿನಾಕಾರದ ಪಟ್ಟಿ ಕೊಟ್ಟು ಇದನ್ನು ಸರಿಪಡಿಸಬಹುದು. ಸ್ಪ್ರಿಂಗ್ ಆಕ್ಸಲಿನ ಕೆಳಗಿದ್ದರೆ ಪಟ್ಟಿಯ ದಪ್ಪ ತುದಿ ಮುಂದಕ್ಕೆ, ಮೇಲಿದ್ದರೆ ಹಿಂದಕ್ಕೆ ಬರಬೇಕು. ಆದರೆ ಇದರಿಂದ ಮುಂದಿನ ಡಿಫರೆನ್ಷಿಯಲಿನ ಮೂತಿ ಕೆಳಗೆ ಬಾಗಿ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಒಂದನ್ನು ಸರಿ ಮಾಡಹೋದರೆ ಇನ್ನೊಂದು ತಪ್ಪುವುದರಿಂದಲೇ ಹೆಚ್ಚು ಎತ್ತರಿಸಬಾರದು ಎನ್ನುವುದು.

ಗುಂಡಿ ಹಾರಿದಾಗ ಸ್ಟಿಯರಿಂಗ್ ಗಡಗಡ ನಡುಗಿದರೆ ಕಿಂಗ್‌ಪಿನ್ ಬೇರಿಂಗ್, ಟೈ ರಾಡಿನ ತುದಿಗಳು, ಚಕ್ರದ ಬೇರಿಂಗ್ ಇವುಗಳ ಆಟವನ್ನು ಪರೀಕ್ಷಿಸಿರಿ. ಮೊದಲೇ ಇದ್ದ ಸವಕಲು ಎತ್ತರಿಸಿದ ಮೇಲೆ ಬಯಲಾಗುತ್ತದೆ. ಕೆಲಸ ಮುಗಿದ ಮೇಲೆ ಮುಂದಿನ ಚಕ್ರಗಳ ಅಲೈನ್‌ಮೆಂಟ್ ಮಾಡಿಸಲೇಬೇಕು.

ಅಡಿಯಲ್ಲಿ ನಡುಕ, ಗುಂಯ್ ಶಬ್ದ

ವೇಗ ಹೆಚ್ಚಿದಂತೆ ನಡುಕ ಹೆಚ್ಚಿ, ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಟ್ಟರೂ ನಿಲ್ಲದಿದ್ದರೆ ಅದು ಇಂಜಿನ್ನಿನದಲ್ಲ, ಶಾಫ್ಟನ್ನು ಅನುಮಾನಿಸಬೇಕು. ಈ ಪರೀಕ್ಷೆಯನ್ನು ಸಮತಟ್ಟಾದ ಖಾಲಿ ರಸ್ತೆಯಲ್ಲಿ ಮಾತ್ರ ಮಾಡಿರಿ. ಶಾಫ್ಟಿನ ಎರಡು ತುದಿಗಳ ಯೂನಿವರ್ಸಲ್ ಕ್ರಾಸುಗಳು ಒಂದೇ ಕೋನದಲ್ಲಿ ಇರಬೇಕು. ವ್ಯತ್ಯಾಸವಾದರೆ ಶಾಫ್ಟು ಪ್ರತಿ ಸುತ್ತಿನಲ್ಲಿ ಎರಡು ಬಾರಿ ವೇಗ ಹೆಚ್ಚಿ ತಗ್ಗಿ ನಡುಗುತ್ತದೆ, ಕ್ರಾಸು ಬೇಗ ಸವೆಯುತ್ತದೆ. ಚಕ್ರ ಜೋತುಬಿದ್ದಾಗ ಶಾಫ್ಟಿನ ಜಾರುವ ಹಲ್ಲುಗಳು ಸಾಕಷ್ಟು ಕಚ್ಚಿಕೊಂಡಿವೆಯೇ ಎಂದೂ ನೋಡಬೇಕು.

ಯು ಬೋಲ್ಟ್ ಮತ್ತು ಮಿತಿ

ಹೊಸ ಬ್ಲೇಡುಗಳು ಕೂತಂತೆ ಯು ಬೋಲ್ಟುಗಳು ಸಡಿಲವಾಗುತ್ತವೆ. ಮೊದಲ ೧೦೦ ಕಿಲೋಮೀಟರಿನೊಳಗೆ ಒಮ್ಮೆ, ಆಮೇಲೆ ಕೊಯ್ಲಿನ ಮೊದಲು ಮತ್ತೊಮ್ಮೆ ಬಿಗಿಯಿರಿ. ಹಳೆಯ ಯು ಬೋಲ್ಟನ್ನು ಮತ್ತೆ ಬಳಸಬೇಡಿ. ಶಕಲ್ ಎರಡು ಅಂಗುಲ ಉದ್ದವಾದರೆ ಗಾಡಿ ಏರುವುದು ಸುಮಾರು ಒಂದೇ ಅಂಗುಲ. ಹೆಚ್ಚು ಎತ್ತರ ಬೇಕೆಂದು ಶಕಲನ್ನು ಉದ್ದುದ್ದ ಮಾಡಿಸುವುದು ಅಪಾಯ. ಎತ್ತರವಾದಷ್ಟೂ ಗಾಡಿಯ ಭಾರದ ಕೇಂದ್ರ ಮೇಲೇರಿ, ಅಡ್ಡ ಇಳಿಜಾರಿನಲ್ಲಿ ಮಗುಚುವ ಸಂಭವ ಹೆಚ್ಚು. ಹಿಂದೆ ಜನರನ್ನು ಕೂರಿಸುವವರು ಇದನ್ನು ಮರೆಯಬಾರದು.

ಕಾನೂನನ್ನೂ ತಿಳಿದಿರಬೇಕು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವುದನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟು ೨೦೧೯ರಲ್ಲಿ ಇದನ್ನು ಎತ್ತಿಹಿಡಿದಿದೆ. ಕೆಲಸಕ್ಕೆ ಕೈಹಾಕುವ ಮುನ್ನ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸುವುದು ಉತ್ತಮ.

ಸೋತ ಸ್ಪ್ರಿಂಗಿನ ಬಾಗನ್ನು ಮೊದಲಿನಂತೆ ಮಾಡಿಸಿ, ಬುಶ್ ಹೊಸದು ಹಾಕಿಸಿದರೆ ಎಷ್ಟೋ ಹಳೆಯ ಜೀಪುಗಳು ಕಳೆದುಕೊಂಡ ಎತ್ತರವನ್ನು ತಾವೇ ಪಡೆಯುತ್ತವೆ. ಮೊದಲು ಅದನ್ನು ಮಾಡಿ ನೋಡಿರಿ. ಈಗಾಗಲೇ ಎತ್ತರಿಸಿದವರು ಈ ಸಲದ ಕೊಯ್ಲಿಗೆ ಗಾಡಿ ಇಳಿಸುವ ಮುನ್ನ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಬ್ರೇಕ್ ಪೈಪುಗಳನ್ನು ತಪ್ಪದೆ ಪರೀಕ್ಷಿಸಬೇಕೆಂದು ವಿನಂತಿ.